ಗೇಟಿನ ಒಳಗಿನ ಕಾನೂನು

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಹೆಂಗಸಿನ ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ಹೊಲಿಗೆ ಯಂತ್ರದ ಮುಂದಿನಿಂದ ಎದ್ದವಳು ಹಾಗೇ ಬಂದುಬಿಟ್ಟಿದ್ದಳು.

"ನಮ್ಮಪ್ಪನಿಗೆ ಕಾರು ಗುದ್ದಿದೆ ಮೇಡಂ. ನಿನ್ನೆ ಬೆಳಿಗ್ಗೆ. ತೊಡೆ ಮೂಳೆ ಮುರಿದಿದೆ. ಈಗ ತಪ್ಪು ಅಪ್ಪಂದೇ ಅಂತಿದಾರೆ."

"ಎಲ್ಲಿ ಆಗಿದ್ದು?" ಇನ್ಸ್‌ಪೆಕ್ಟರ್ ಕುರ್ಚಿ ತೋರಿಸುತ್ತ ಕೇಳಿದಳು.

"ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ. ಅಪ್ಪ ಅಲ್ಲಿ ಗಾಡಿಗಳನ್ನ ನೋಡ್ಕೊಳ್ಳೋದು."

"ಕಾರು ಯಾರು ಓಡಿಸ್ತಿದ್ರು?"

"ಯಾರೂ ಇಲ್ಲವಂತೆ. ತಾನಾಗೇ ಉರುಳ್ತಂತೆ. ಅಪ್ಪ ಕಲ್ಲು ಇಡೋದು ಮರೆತರಂತೆ."

ಆ ಪಾರ್ಕಿಂಗಿನ ಪದ್ಧತಿಯನ್ನು ಅವಳು ಬಿಡಿಸಿ ಹೇಳಿದಳು. ಕಾರುಗಳು ಹೆಚ್ಚು, ಜಾಗ ಕಡಿಮೆ. ಹಾಗಾಗಿ ಗೋಡೆಯ ಸಾಲಿನ ಮುಂದೆ ಅಡ್ಡಡ್ಡ ಇನ್ನೊಂದು ಸಾಲು ನಿಲ್ಲಿಸುತ್ತಾರೆ. ಅಡ್ಡ ನಿಲ್ಲಿಸಿದವರು ಗೇರು ಹಾಕುವಂತಿಲ್ಲ, ಹ್ಯಾಂಡ್‌ಬ್ರೇಕ್ ಎಳೆಯುವಂತಿಲ್ಲ. ಒಳಗಿನ ಕಾರಿನವರು ಹೊರಡುವಾಗ ಅಡ್ಡ ಕಾರನ್ನು ಕೈಯಲ್ಲಿ ತಳ್ಳಿ ದಾರಿ ಮಾಡಿಕೊಳ್ಳಬೇಕು. ನೆಲ ಸ್ವಲ್ಪ ಇಳಿಜಾರು. ಕಾರು ಉರುಳದಂತೆ ಚಕ್ರಕ್ಕೆ ಕಲ್ಲು ಕೊಡುವುದು ಅವಳ ಅಪ್ಪನ ಕೆಲಸ. ಅದಕ್ಕೇ ಎಲ್ಲರ ಬಾಯಲ್ಲಿ ಅವರು ಕಲ್ಲಜ್ಜ.

"ಕೆಲಸ ಹೋದ್ರೆ ಹೋಗಲಿ ಮೇಡಂ. 'ನಾನು ಮರೆತ್ನಾ ಮಗಳೇ, ನಿಜವಾಗ್ಲೂ ಮರೆತ್ನಾ' ಅಂತ ನಿನ್ನೆಯಿಂದ ನನ್ನನ್ನೇ ಕೇಳ್ತಿದಾರೆ. ಇನ್ನೆರಡು ದಿನ ಹೀಗೇ ಬಿಟ್ರೆ ತಲೆ ಕೆಟ್ಟಿದೆ ಅಂತ ತಾವೇ ನಂಬಿಬಿಡ್ತಾರೆ."

ದಫೇದಾರ ಪೆನ್ನು ಹಿಡಿದು ಕೂತಿದ್ದ. "ಗೇಟಿನ ಒಳಗೆ ಆಗಿದ್ದು ಮೇಡಂ. ಅಲ್ಲಿ ಟ್ರಾಫಿಕ್ ಕೇಸು ನಿಲ್ಲುತ್ತಾ?"

ಇನ್ಸ್‌ಪೆಕ್ಟರಿಗೂ ಖಾತ್ರಿ ಇರಲಿಲ್ಲ. ಮನೆಗೆ ಬೀಗ ಹಾಕಿ ಎರಡು ಸಲ ಎಳೆದು ನೋಡುವ ಜಾತಿ ಅವಳದು. ಸರ್ಕಾರಿ ವಕೀಲರಿಗೆ ಫೋನು ಮಾಡಿದಳು.

"ಆ ಪಾರ್ಕಿಂಗಿಗೆ ಹೊರಗಿನವರು ಬರ್ತಾರಾ?" ವಕೀಲರು ಕೇಳಿದರು.

"ಕೊರಿಯರ್‌ನವರು, ಗ್ಯಾಸಿನವರು. ಕೆಳಗಡೆ ಒಂದು ಹಲ್ಲಿನ ಕ್ಲಿನಿಕ್ಕಿದೆ, ರೋಗಿಗಳೂ ಬರ್ತಾರಂತೆ."

"ಹಾಗಾದ್ರೆ ಅದು ಸಾರ್ವಜನಿಕ ಸ್ಥಳ ಅಂತ ನಾನು ವಾದಿಸ್ತೀನಿ, ಅಲ್ಲ ಅಂತ ಅವರು ವಾದಿಸ್ತಾರೆ, ಕೋರ್ಟು ಹೇಳ್ಲಿ. ಆದ್ರೆ ಅಜಾಗರೂಕತೆಯಿಂದ ಒಬ್ಬರ ಮೂಳೆ ಮುರಿಯೋಕೆ ರಸ್ತೆನೇ ಬೇಕು ಅಂತೇನಿಲ್ಲವಲ್ಲ! ಅಡುಗೆಮನೆಗೆ ಕಾರು ನುಗ್ಗಿಸಿದ್ರೂ ಅದು ಅಪರಾಧವೇ. ಎಫ್‌ಐಆರ್ ಮಾಡಿ."

ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗದಲ್ಲಿ ದಫೇದಾರ 'ಅಪರಿಚಿತ' ಎಂದು ಬರೆದ.

ನೆಲಮಾಳಿಗೆಯ ಬಾಗಿಲಲ್ಲೇ ಸಂಘದ ಅಧ್ಯಕ್ಷರು ಎದುರಾದರು. ತಲೆಗೆ ಬಣ್ಣ ಹಚ್ಚಿ ಒಣಗಲು ಬಿಟ್ಟಿದ್ದರು. ಹೆಗಲ ಮೇಲೆ ಹಳೆಯ ಟವೆಲು.

"ಇದು ಖಾಸಗಿ ಜಾಗ ಮೇಡಂ. ನಿಮ್ಮ ಟ್ರಾಫಿಕ್ ಕಾನೂನು ಗೇಟಿನಾಚೆಗೆ. ಇದು ನಮ್ಮ ಮನೆ ವಿಷಯ, ನಾವೇ ನೋಡ್ಕೋತೀವಿ."

"ಹಾಗಂತ ಯಾರು ಹೇಳಿದ್ರು?"

"ಕಾನೂನು ಅರೆದು ಕುಡಿದವರು ನಮ್ಮಲ್ಲೇ ಒಬ್ಬರಿದಾರೆ. ನಿನ್ನೆ ನಾನು ಕೇಳೋ ಮೊದಲೇ ಮನೆಗೆ ಬಂದು ಹೇಳಿ ಹೋದ್ರು."

ಕೇಳುವ ಮೊದಲೇ. ಇನ್ಸ್‌ಪೆಕ್ಟರ್ ಆ ಮಾತನ್ನು ಮನಸ್ಸಿನಲ್ಲೇ ಮಡಚಿಟ್ಟುಕೊಂಡಳು. "ಕಾರನ್ನ ಯಾರಾದ್ರೂ ಮುಟ್ಟಿದ್ರಾ?"

"ಒಂದು ಹುಳೂನೂ ಮುಟ್ಟಿಲ್ಲ. ಆಗಲೇ ಹಗ್ಗ ಕಟ್ಟಿಸಿದೀನಿ."

ಅಡ್ಡ ಸಾಲಿನಲ್ಲಿ ಬೂದು ಬಣ್ಣದ ಚಿಕ್ಕ ಕಾರು. ಅದರ ಹಿಂಭಾಗ ಕಂಬದಿಂದ ಒಂದು ಮೊಳ ದೂರದಲ್ಲಿತ್ತು. ಕಲ್ಲಜ್ಜ ಸಿಕ್ಕಿಕೊಂಡದ್ದು ಆ ಸಂದಿಯಲ್ಲಿ. ಚಕ್ರಕ್ಕೆ ಕೊಡುವ ಕಲ್ಲು ಮಾತ್ರ ಅಲ್ಲಿರಲಿಲ್ಲ. ಅದು ಆಚೆ ಗೋಡೆಯ ಬುಡದಲ್ಲಿ, ಯಾರ ಕಾಲಿಗೂ ತೊಡರದ ಹಾಗೆ ಒತ್ತರಿಸಿ ಇಟ್ಟಿತ್ತು.

ಇಬ್ಬರು ಪಂಚರನ್ನು ನಿಲ್ಲಿಸಿಕೊಂಡು ಪಂಚನಾಮೆ ಶುರುವಾಯಿತು.

"ತಳ್ಳಿ," ಇನ್ಸ್‌ಪೆಕ್ಟರ್ ಹೇಳಿದಳು.

ದಫೇದಾರ ತಳ್ಳಿದ. ಕಾರು ಮಿಸುಕಲಿಲ್ಲ. ಭುಜ ಕೊಟ್ಟು ತಳ್ಳಿದ. ಉಸಿರು ಬಿಟ್ಟು ಸೊಂಟ ಹಿಡಿದುಕೊಂಡ. "ಅಧ್ಯಕ್ಷರೇ, ತಾನಾಗೇ ಉರುಳಿದ ಕಾರು ಇದೇನಾ? ನನ್ನ ಮೇಲೇನಾದ್ರೂ ಮುನಿಸಾ ಇದಕ್ಕೆ?"

ಇನ್ಸ್‌ಪೆಕ್ಟರ್ ಗಾಜಿಗೆ ಟಾರ್ಚು ಹಿಡಿದಳು. ಹ್ಯಾಂಡ್‌ಬ್ರೇಕ್ ಪೂರ್ತಿ ಮೇಲಕ್ಕೆ ಎಳೆದಿತ್ತು. ಗೇರು ಬಿದ್ದಿತ್ತು. ಚಕ್ರಗಳು ನೆಟ್ಟಗೆ, ನೆಲದ ಗೆರೆಗೆ ಸಮನಾಗಿ ನಿಂತಿದ್ದವು.

"ಇಲ್ಲಿ ಯಾರಾದ್ರೂ ಹೀಗೆ ನಿಲ್ಲಿಸ್ತಾರಾ?"

"ಛೇ, ಛೇ!" ಅಧ್ಯಕ್ಷರು ಗಾಬರಿಯಾದರು. "ಹೀಗೆ ನಿಲ್ಲಿಸಿದ್ರೆ ಒಳಗಿನ ಕಾರು ಹೊರಡೋದು ಹ್ಯಾಗೆ? ಇಡೀ ಕಟ್ಟಡ ಬೈಯುತ್ತೆ." ಹೇಳುತ್ತ ಹೇಳುತ್ತ ಮಾತು ನಿಂತಿತು. ಕಿವಿಯ ಬಳಿಯಿಂದ ಬಣ್ಣದ ಒಂದು ಹನಿ ಇಳಿದು ಟವೆಲಿಗೆ ಬಿತ್ತು.

ಗೇಟಿನ ಕ್ಯಾಮೆರಾದಲ್ಲಿ ಆ ಹೊತ್ತಿಗೆ ಯಾವ ಗಾಡಿಯೂ ಬಂದು ಹೋದದ್ದು ಕಾಣಲಿಲ್ಲ. ಅಂದರೆ ಕಾರು ಓಡಿದೆ, ಆದರೆ ಗೇಟು ದಾಟಿಲ್ಲ.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಕಲ್ಲಜ್ಜನ ಹೇಳಿಕೆ ಪಡೆದರು. ಕಾಲಿಗೆ ತೂಕ ಕಟ್ಟಿ ಎತ್ತಿ ಇಟ್ಟಿದ್ದರು. ಮಗಳು ತಲೆದಿಂಬಿನ ಪಕ್ಕ ನಿಂತಿದ್ದಳು.

"ಯಾರನ್ನಾದ್ರೂ ನೋಡಿದ್ರಾ ಅಜ್ಜ?"

"ಇಲ್ಲಮ್ಮ. ಪಕ್ಕದ ಕಾರಿಗೆ ಕಲ್ಲು ಕೊಡೋಕೆ ಬಗ್ಗಿದ್ದೆ. ನೀರಿನ ಮೋಟರು ಹಾಕಿದ್ರು, ಅದರ ಸದ್ದಲ್ಲಿ ಆನೆ ಬಂದ್ರೂ ಕೇಳಲ್ಲ."

"ಬೇರೆ ಏನಾದ್ರೂ? ಬೆಳಕು, ನೆರಳು?"

ಕಲ್ಲಜ್ಜ ಕಣ್ಣು ಮುಚ್ಚಿ ಯೋಚಿಸಿದರು. "ಕಂಬದ ಮೇಲೆ ಕಿತ್ತಳೆ ಬಣ್ಣದ ಬೆಳಕು ಮಿಣುಕು ಮಿಣುಕು ಅಂತಿತ್ತು. ಬಲ್ಬು ಹೋಗ್ತಿದೆ, ಹೇಳಬೇಕು ಅಂದ್ಕೊಂಡೆ. ಅಷ್ಟರಲ್ಲಿ..."

ಹೊರಗೆ ಬಂದ ಮೇಲೆ ದಫೇದಾರ ತಲೆ ಕೆರೆದುಕೊಂಡ. "ಇಂಡಿಕೇಟರ್ರು. ನೆಲಮಾಳಿಗೇಲಿ ಯಾರು ಮೇಡಂ ಇಂಡಿಕೇಟರ್ ಹಾಕ್ತಾರೆ? ರಸ್ತೆ ಮೇಲೇ ಹಾಕಲ್ಲ ನಮ್ಮ ಜನ."

"ಅಲ್ಲಿ ಯಾರೋ ಒಬ್ಬರು ಹಾಕ್ತಾರೆ," ಎಂದಳು ಇನ್ಸ್‌ಪೆಕ್ಟರ್.

ಕಾರು ನಾಲ್ಕನೇ ಮಹಡಿಯ ಮನೆಯೊಂದರ ಸೊಸೆಯದು. ಕಚೇರಿಯಿಂದ ಓಡೋಡಿ ಬಂದಿದ್ದಳು. ಸೋಮವಾರವೂ ಎಂದಿನಂತೆ ಅವಳು ಕಚೇರಿಯ ಬಸ್ಸಿನಲ್ಲಿ ಹೋಗಿದ್ದಳು. ಬಸ್ಸಿನ ಹಾಜರಿ ಪಟ್ಟಿಯಲ್ಲೂ ಹಾಗೇ ಇತ್ತು. ಅವಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಕಾಲು ಪೆಡಲಿಗೆ ಎಟುಕಲಿಲ್ಲ.

"ಸೀಟು ಇಷ್ಟು ಹಿಂದೆ ನಾನು ಯಾವತ್ತೂ ಹಾಕಿಲ್ಲ ಮೇಡಂ. ಕನ್ನಡೀನೂ ತಿರುಗಿದೆ."

"ಕೀಲಿಕೈ ಎಲ್ಲಿರುತ್ತೆ?"

"ಬಾಗಿಲ ಹಿಂದಿನ ಮೊಳೆಯಲ್ಲಿ."

"ಮನೇಲಿ ಇನ್ನು ಯಾರಿದಾರೆ?"

"ನಮ್ಮೆಜಮಾನ್ರು ಊರಲ್ಲಿಲ್ಲ. ಮಾವ ಇದಾರೆ. ಆದ್ರೆ ಅವರು ಓಡಿಸಲ್ಲ. ಕಣ್ಣು ಅಕ್ಕಪಕ್ಕದ್ದು ಕಾಣಲ್ಲ, ಲೈಸೆನ್ಸು ನವೀಕರಣ ಆಗ್ಲಿಲ್ಲ. ಅಯ್ಯೋ, ಅವರು ಎಂಟಿನ ಸಾಹೇಬ್ರು ಮೇಡಂ! ಕಾನೂನು ಮೀರಿದವರಲ್ಲ."

ಇನ್ಸ್‌ಪೆಕ್ಟರಿಗೆ ಆ ಹೆಸರು ಚೆನ್ನಾಗಿ ಗೊತ್ತಿತ್ತು. ಊರಿನ ಅರ್ಧದಷ್ಟು ಜನರಿಗೆ ಲೈಸೆನ್ಸು ಕೊಟ್ಟ ನಿವೃತ್ತ ಪರೀಕ್ಷಕರು. ಮೈದಾನದಲ್ಲಿ ಸುಣ್ಣದ ಗೆರೆ ಎಳೆಸಿ, ಎಂಟರ ಆಕಾರದಲ್ಲಿ ಗಾಡಿ ಓಡಿಸಿ ತೋರಿಸುವವರೆಗೆ ಯಾರ ಶಿಫಾರಸಿಗೂ ಸಹಿ ಹಾಕುತ್ತಿರಲಿಲ್ಲ.

ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಜಾರದಲ್ಲಿ ಕೂತಿದ್ದರು, ಕಾಯುತ್ತಿದ್ದವರ ಹಾಗೆ.

"ಕಾರನ್ನ ಗೇರಲ್ಲಿ ನಿಲ್ಲಿಸಿದವರು ನೀವೇನಾ ಸರ್?"

"ಹೌದು. ನ್ಯೂಟ್ರಲ್ಲಲ್ಲಿ ಬಿಟ್ಟು ಹೋಗೋದು ತಪ್ಪು."

"ಅಪ್ಪಾ!" ಸೊಸೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ದಿನಾ ಬೆಳಿಗ್ಗೆ ಒಂದೇ ಸುತ್ತಮ್ಮ. ನೀನು ಹೋದ ಮೇಲೆ. ಗೇಟು ದಾಟಿದೋನಲ್ಲ. ಲೈಸೆನ್ಸು ಬೇಕಾಗಿರೋದು ಸಾರ್ವಜನಿಕ ಸ್ಥಳಕ್ಕೆ."

"ಕೇಳೋ ಮೊದಲೇ ಅಧ್ಯಕ್ಷರಿಗೆ ಕಾನೂನು ಹೇಳಿದವರಿಗೆ ಕಲ್ಲಜ್ಜ ಕಾಣಲಿಲ್ಲವಾ?"

ಪರೀಕ್ಷಕರು ತಮ್ಮ ಕೈಗಳನ್ನು ನೋಡಿಕೊಂಡರು. "ಕಲ್ಲು ನಾನೇ ತೆಗೆದು ಗೋಡೆ ಪಕ್ಕ ಇಟ್ಟೆ. ಒಂದು ಸುತ್ತು ಹಾಕಿ ಹಿಂದಕ್ಕೆ ತಗೊಳ್ಳುವಾಗ ಏನೋ ತಗುಲಿದ ಹಾಗಾಯ್ತು. ಇನ್ನೊಂದು ಕಲ್ಲು ಇರಬೇಕು ಅಂದ್ಕೊಂಡು ಒಂಚೂರು ಮುಂದಕ್ಕೆ ತಂದು ನಿಲ್ಲಿಸ್ದೆ. ದಿನಾ ಇಳಿಯುವಾಗ ಮತ್ತೆ ನ್ಯೂಟ್ರಲ್ ಮಾಡಿ ಸೀಟು ಮುಂದಕ್ಕೆ ಹಾಕ್ತಿದ್ದೆ, ನಿನ್ನೆ ಮರೆತೆ. ಮೇಲೆ ಬಂದ ಮೇಲೆ ಕೂಗಾಟ ಕೇಳಿಸ್ತು."

"ಆಮೇಲಾದ್ರೂ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಕೀಲಿಕೈ ಮೊಳೆ ಮೇಲಿಂದ ಹೋಗ್ತಿತ್ತು." "ಎಷ್ಟೋ ಜನರನ್ನ ಫೇಲ್ ಮಾಡಿದೀನಿ. ಕಣ್ಣಿನ ಡಾಕ್ಟ್ರು ಎರಡೇ ನಿಮಿಷದಲ್ಲಿ ನನ್ನನ್ನ ಫೇಲ್ ಮಾಡಿಬಿಟ್ರು. ಆ ಕಂಬಗಳ ಮಧ್ಯೆ ಮಾತ್ರ ನಾನಿನ್ನೂ ಪಾಸಾಗಿದ್ದೆ."

"ನನ್ನನ್ನೂ ಒಂದ್ಸಲ ಫೇಲ್ ಮಾಡಿದ್ರಿ ಸರ್," ಇನ್ಸ್‌ಪೆಕ್ಟರ್ ಮೆಲ್ಲಗೆ ಹೇಳಿದಳು.

"ಯಾತಕ್ಕೆ?"

"ಹ್ಯಾಂಡ್‌ಬ್ರೇಕ್ ಎಳೀಲಿಲ್ಲ ಅಂತ."

ಅವರು ತಲೆಯಾಡಿಸಿದರು. "ಸರಿಯಾಗೇ ಮಾಡಿದೀನಿ."

ಸಂಜೆ ಐದಕ್ಕೆ ಬಂಧನ ದಾಖಲಾಯಿತು. ಜಾಮೀನು ಸಿಗುವ ಅಪರಾಧ. ಸೊಸೆ ಜಾಮೀನಿಗೆ ಹಿಂದೆಯೇ ಹೊರಟಳು. ಜೀಪು ಠಾಣೆಯ ಮುಂದಿನ ಇಳಿಜಾರಿನಲ್ಲಿ ನಿಂತಾಗ ಹಿಂದಿನ ಸೀಟಿನಿಂದ ಸಣ್ಣ ದನಿ ಬಂತು: "ಹ್ಯಾಂಡ್‌ಬ್ರೇಕ್." ದಫೇದಾರ ಎಳೆದ.

ಇನ್ಸ್‌ಪೆಕ್ಟರ್ ಒಳಗೆ ಹೋಗುವ ಮೊದಲು ಕಲ್ಲಜ್ಜನ ಮಗಳಿಗೆ ಫೋನು ಮಾಡಿದಳು. "ನಿಮ್ಮಪ್ಪ ಕಲ್ಲು ಇಟ್ಟಿದ್ರು. ಬೇರೆಯವರು ತೆಗೆದ್ರು. ಅವರೇ ಒಪ್ಪಿಕೊಂಡಿದಾರೆ."

ಫೋನು ಅಪ್ಪನ ಕೈಗೆ ಹೋಯಿತು.

"ಹಾಗಾದ್ರೆ ನಾನು ಮರೀಲಿಲ್ಲ?"

"ಇಲ್ಲ ಅಜ್ಜ. ನೀವು ಮರೀಲಿಲ್ಲ."

ಕಲ್ಲಜ್ಜ ಮತ್ತೆ ಮಾತಾಡಿದಾಗ ದನಿಯಲ್ಲಿ ಅಧಿಕಾರ ಮರಳಿತ್ತು. "ಮತ್ತೆ, ಎರಡು ದಿನದಿಂದ ಅಲ್ಲಿ ಕಲ್ಲು ಕೊಡ್ತಿರೋದು ಯಾರಮ್ಮ? ಸ್ವಲ್ಪ ವಿಚಾರಿಸಿ."