ಕತ್ತರಿ ತಾಗದ ನೂಲು

ನನಗೆ ಕ್ರೋಶಾ ಹೆಣಿಗೆ ಕಲಿಸಿದವಳು ಪಕ್ಕದ ಮನೆಯ ಪುರಿಂಗ್ ಅತ್ತೆ. ಅವಳು ಎಡಚಿ; ಅವಳ ಕುಣಿಕೆಗಳು ನನ್ನವಕ್ಕೆ ವಿರುದ್ಧವಾಗಿ ವಾಲುತ್ತಿದ್ದವು. ಹುಟ್ಟಿನಿಂದಲೇ ಗಿಡ್ಡವಾದ ನನ್ನ ಬಲಗೈಗೆ ತಕ್ಕಂತೆ ಪ್ರತಿ ನಮೂನೆಯನ್ನೂ ತಿದ್ದಿಕೊಡುತ್ತಿದ್ದವಳು ಅವಳೇ.

ಅವಳು ತೀರಿಕೊಂಡಾಗ ಹಳೆಯ ಅಂಗಿಯೊಂದರ ನಮೂನೆಯನ್ನು ಅವಳ ಅಳತೆಗೆ ಅಗಲಿಸಿ, ಬಿಳಿ ನೂಲಿನಲ್ಲಿ ಹೆಣೆದೆ. ಕೊನೆಯ ಅಂಚನ್ನು ಶವಪೆಟ್ಟಿಗೆಯ ಪಕ್ಕ ಕೂತು, ಅವಳ ಮೈಮೇಲೆಯೇ ಮುಗಿಸಿದೆ.

ನಮ್ಮ ಇಲೊಯ್ಲೊ ಸೀಮೆಯಲ್ಲಿ ಸತ್ತವರ ಕೈಯಲ್ಲಿರುವ ಜಪಸರವನ್ನು ಕತ್ತರಿಸುತ್ತಾರೆ. ಇಲ್ಲದಿದ್ದರೆ ಸಾವು ಆ ಎಳೆ ಹಿಡಿದು ಇನ್ನೊಬ್ಬರ ಹತ್ತಿರ ಬರುತ್ತದೆ. ಅತ್ತೆಯ ತಂಗಿ ಸರ ಕತ್ತರಿಸಿ, ಕತ್ತರಿಯನ್ನು ನನ್ನತ್ತ ಚಾಚಿದಳು.

“ನೂಲೂ ಕತ್ತರಿಸೇ ಮಿಲಾ, ಉಂಡೆ ನಿನ್ನ ಮಡಿಲಲ್ಲೇ ಇದೆಯಲ್ಲೇ!”

“ಇರಿ ಚಿಕ್ಕತ್ತೆ, ಗಂಟು ಹಾಕ್ತೀನಿ. ನೂಲೇನು ಜಪಸರಾನಾ?”

ಅಷ್ಟರಲ್ಲಿ ಪೆಟ್ಟಿಗೆ ಮುಚ್ಚಿದರು. ನೂಲು ಮುಚ್ಚಳಕ್ಕೆ ಸಿಕ್ಕಿ ತುಂಡಾಯಿತು. ಕತ್ತರಿ ತಾಗಲೇ ಇಲ್ಲ.

ಮರುದಿನ ಉರಿಬಿಸಿಲಿನ ಮಧ್ಯಾಹ್ನ ನೂಲಿನ ಬುಟ್ಟಿಗೆ ಕೈ ಹಾಕಿದರೆ ಉಂಡೆ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ತುದಿಯಲ್ಲಿ ಒಂದು ಸಾಲು ಹೆಣಿಗೆ. ಬಿಚ್ಚಿ ಹಾಕಿದೆ. ಸಂಜೆಗೆ ಮತ್ತೆ ಇತ್ತು, ಇನ್ನೂ ಉದ್ದವಾಗಿ. ಕುಣಿಕೆಗಳೆಲ್ಲ ಎಡಗೈಯವು.

ಆಮೇಲೆ ಬಿಚ್ಚುವುದನ್ನು ಬಿಟ್ಟೆ. ಈಗ ಅದು ಅದೇ ನಮೂನೆಯ ಅಂಗಿ, ಅಗಲ ಮಾತ್ರ ಕಡಿಮೆ. ಬಲತೋಳು ಮುಗಿದಿದೆ, ಗಿಡ್ಡವಾಗಿ. ಇವತ್ತು ಬೆಳಿಗ್ಗೆ ಎಡತೋಳು ಶುರುವಾಗಿದೆ.