ಬೆನಕಪ್ಪನ ತಲೆಯ ಹೂವು

"ಅಮ್ಮಾ! ಬೇಗ ಬಾರಮ್ಮ! ಇದೂ ಉದುರ್ಹೋಯ್ತು!"

ಸಿಂಚನಾಳ ಕೂಗಿಗೆ ಅಮ್ಮ ಸೌಟು ಹಿಡಿದುಕೊಂಡೇ ಹಿತ್ತಲಿಗೆ ಓಡಿಬಂದಳು. ಮಗಳ ಅಂಗೈಯಲ್ಲಿ ನಿಂಬೆಹಣ್ಣಿನಷ್ಟು ಗಾತ್ರದ ಕುಂಬಳದ ಹೀಚು. ಹಳದಿಯಾಗಿ ಮೆತ್ತಗಾಗಿತ್ತು.

ಸಿಂಚನಾ ತಾನೇ ಬೀಜ ಹಾಕಿ, ನೀರು ಹೊಯ್ದು ಬೆಳೆಸಿದ ಬಳ್ಳಿ! "ಬಿಸಿಯೂಟದ ಸಾಂಬಾರಿಗೆ ನಮ್ಮನೆ ಕುಂಬಳಕಾಯಿ ತರ್ತೀನಿ" ಅಂತ ಇಡೀ ಕ್ಲಾಸಿನ ಮುಂದೆ ಜಂಬ ಬೇರೆ ಕೊಚ್ಚಿಕೊಂಡಿದ್ದಳು. ಈಗ ಬಳ್ಳಿಯಲ್ಲಿ ಉಳಿದಿದ್ದು ಒಂದೇ ಒಂದು ಹೀಚು. ಅದರ ತುದಿಯ ಹೂವು ಇವತ್ತಷ್ಟೇ ಅರಳಿತ್ತು.

"ಯಾರದೋ ಕಣ್ಣು ಬಿದ್ದೈತೆ," ಅಂದಳು ಹಿಂದೆಯೇ ಬಂದ ಅಜ್ಜಿ.

ಅಮ್ಮ ಎಲೆಗಳನ್ನು ಎತ್ತಿ ಎತ್ತಿ ನೋಡಿದಳು. "ಉದ್ದ ತೊಟ್ಟಿನ ಹೂವು ಒಂದೂ ಇಲ್ವಲ್ಲೇ? ಎಲ್ಲಿ ಹೋದ್ವು?"

"ನಾನೇ ಕಿತ್ತೆ. ದಿನಾ ಬೆನಕಪ್ಪಂಗೆ ಇಡ್ತೀನಲ್ಲ!"

ಧನುರ್ಮಾಸ ಅಲ್ಲವೇ! ಮಾದಿಹಳ್ಳಿಯ ಅವರ ಬೀದಿಯಲ್ಲಿ ಬೆಳಗಾದರೆ ರಂಗೋಲಿಯ ನಡುವೆ ಸಗಣಿಯ ಬೆನಕಪ್ಪ ಕೂರುತ್ತಾನೆ, ತಲೆಗೆ ಕುಂಬಳದ ಹೂವು ಸಿಕ್ಕಿಸಿಕೊಂಡು. ಹೀಚಿರುವ ಹೂವು ಮುಟ್ಟಬೇಡ ಅಂತ ಅಜ್ಜಿ ಹೇಳಿದ್ದಳು. ಸಿಂಚನಾ ಮುಟ್ಟಿರಲಿಲ್ಲ. ಕಾಯಿ ಬಿಡದ ದಂಡದ ಹೂಗಳನ್ನಷ್ಟೇ ಒಂದೂ ಉಳಿಸದೆ ಕಿತ್ತಿದ್ದಳು. ಇಡೀ ಬೀದಿಗೇ ಇವರ ಬೆನಕಪ್ಪನಿಗೆ ಹೂವು ಜಾಸ್ತಿ!

"ಅಯ್ಯೋ ಹುಚ್ಚಿ, ಅವು ಗಂಡು ಹೂವು ಕಣೇ! ಅದರ ಹಳದಿ ಹುಡಿ ಜೇನುನೊಣದ ಮೈಗೆ ಮೆತ್ಕೊಂಡು, ಈ ಹೆಣ್ಣು ಹೂವಿಗೆ ತಾಗಿದ್ರೇನೇ ಕಾಯಿ ನಿಲ್ಲೋದು."

ಸಿಂಚನಾ ಅಂಗೈಯಲ್ಲಿದ್ದ ಹೀಚನ್ನು ನೋಡಿದಳು. ಹಾಗಾದರೆ ಅಷ್ಟೂ ಹೀಚು ಹಾಳು ಮಾಡಿದ್ದು ತಾನೇನಾ?

"ಇದೂ ಉದುರುತ್ತಾ ಅಮ್ಮಾ?"

"ಬಿಸಿಲೇರಿದ್ರೆ ಹೂವು ಮುಚ್ಕೊಂಡ್ಬಿಡುತ್ತೆ. ಅಷ್ಟರೊಳಗೆ ಗಂಡು ಹೂವು ಎಲ್ಲಿಂದ ತರೋಣ ಹೇಳು?"

ಸಿಂಚನಾ ಅಂಗಳಕ್ಕೆ ಓಡಿದಳು. ಬೆಳಿಗ್ಗೆ ಸಿಕ್ಕಿಸಿದ್ದ ಹೂವು ಬೆನಕಪ್ಪನ ತಲೆಯ ಮೇಲೆ ಇನ್ನೂ ಬಾಡಿರಲಿಲ್ಲ. ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು ಕಿತ್ತೇಬಿಟ್ಟಳು.

"ಶಿವ ಶಿವಾ! ದೇವರ ತಲೆ ಮೇಲಿನ ಹೂವಿಗೇ ಕೈ ಹಾಕ್ಬಿಟ್ಲಲ್ಲ ಈ ಹುಡುಗಿ!" ಅಜ್ಜಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಇಸ್ಕೊಂಡಿದ್ದೀನಿ ಅಜ್ಜಿ, ಕದ್ದಿಲ್ಲ! ವಾಪಸ್ ಕೊಡ್ತೀನಿ!" ಸಿಂಚನಾಗೆ ಅಳು ಬಂದಿತ್ತು. ಹಿತ್ತಲಿಗೆ ಓಡಿ, ಅಮ್ಮ ತೋರಿಸಿದಂತೆ ದಳ ಹರಿದು, ನಡುವಿನ ಹುಡಿಯನ್ನು ಹೆಣ್ಣು ಹೂವಿಗೆ ಮೆಲ್ಲಗೆ ಸವರಿದಳು.

ವಾರ ಕಳೆದರೂ ಹೀಚು ಹಳದಿಯಾಗಲಿಲ್ಲ. ಹಸಿರಾಗಿ, ಕಿತ್ತಳೆಹಣ್ಣಿನಷ್ಟಾಗಿ, ತೊಟ್ಟಿಗೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಪಕ್ಕದಲ್ಲಿ ಹೊಸದೊಂದು ಗಂಡು ಹೂವೂ ಅರಳಿತ್ತು.

"ಬೆನಕಪ್ಪನ ಹೂವು ವಾಪಸ್ ಕೊಡ್ತೀನಿ ಅಂದಿದ್ಯಲ್ಲೇ, ಕಿತ್ಕೊಂಡು ಬಾ," ಅಂದಳು ಅಜ್ಜಿ.

ಸಿಂಚನಾ ಕೈ ಚಾಚಿದಳು. ಹೂವಿನೊಳಗೆ ಒಂದು ಜೇನುನೊಣ ಮೈಯೆಲ್ಲಾ ಹಳದಿ ಮಾಡಿಕೊಂಡು ಹೊರಳಾಡುತ್ತಿತ್ತು. ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು.

ಬೇಲಿಯ ಚೆಂಡುಹೂವೊಂದನ್ನು ತಂದು ಬೆನಕಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಇವತ್ತು ಇದನ್ನೇ ಇಟ್ಕೋ ಬೆನಕಪ್ಪಾ," ಅಂದಳು ಪಿಸುದನಿಯಲ್ಲಿ. "ನಿನ್ನ ಹೂವಿನೊಳಗೆ ಯಾರೋ ಕೆಲಸ ಮಾಡ್ತಿದಾರೆ."