ಬಲ್ಬಿಲ್ಲದ ದೀಪ

ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ಸಂಶಿಯ ನನ್ನ ಗ್ಯಾರೇಜಿನಲ್ಲಿ ಮಲಕಪ್ಪನ ಹಳೆಯ ಲಾರಿ ನಿಂತಿದೆ. ಅದಕ್ಕೀಗ ಬ್ಯಾಟರಿ ಕೂಡ ಇಲ್ಲ.

ಎಳ್ಳಮಾವಾಸ್ಯೆಯ ಮುನ್ನಾದಿನ ಮಲಕಪ್ಪ ಅದನ್ನು ತಂದಿದ್ದ. ಮೀಟರಿನಲ್ಲಿ ಹಳದಿ ಇಂಜಿನ್ ದೀಪ ಆರುತ್ತಿರಲಿಲ್ಲ. ಸ್ಕ್ಯಾನರ್ ಹಚ್ಚಿದರೆ ಹೊಗೆಯ ಕೋಡ್ ಬಂತು. ಬಗ್ಗಿ ನೋಡಿದೆ, ಕ್ಯಾಬಿನ್ನಿನ ಅಡಿಯಲ್ಲೇ ಸೈಲೆನ್ಸರ್ ಪೈಪು ಸೀಳಿತ್ತು.

"ನಾಳೆ ಅಮಾಸಿ ಪೂಜಾ ಐತಿ ಕಾಶಿನಾಥಣ್ಣ, ಮೊದಲ ಆ ದೀಪ ಆರಿಸು" ಎಂದ.

ಪೂಜೆಗೆ ಮುಂಚೆ ಮುಗಿಸಬೇಕಾದ ಗಾಡಿಗಳು ಸಾಲುಗಟ್ಟಿದ್ದವು. ಪೈಪು ಹಾಗೇ ಬಿಟ್ಟು, ದೀಪದ ಬಲ್ಬನ್ನೇ ಕಿತ್ತು ಜೇಬಿಗೆ ಹಾಕಿಕೊಂಡು, "ಸುದ್ದ ಆತು, ಹೋಗು" ಎಂದೆ. ಪೂಜೆ ಮುಗಿಸಿ ಮೆಣಸಿನಕಾಯಿ ಹೇರಿಕೊಂಡು ಹೋದವನು, ದಾರಿಯಲ್ಲಿ ಚಳಿಗೆ ಗಾಜು ಏರಿಸಿ, ಇಂಜಿನ್ ಚಾಲೂ ಇಟ್ಟು ಮಲಗಿದ. ಸೀಳಿದ ಪೈಪಿನ ಹೊಗೆ ಒಳಗೆ ತುಂಬಿ ಮತ್ತೆ ಏಳಲಿಲ್ಲ.

ಮೊನ್ನೆ ಮಧ್ಯಾಹ್ನ ಅವನ ಹೆಂಡತಿ ಮೈಲಾರವ್ವ ಲಾರಿ ಮಾರುವ ಮಾತಾಡಲು ಬಂದಳು. ತೋರಿಸಲು ಲಾರಿಯ ಬಾಗಿಲು ತೆಗೆದೆ. ಒಳಗೆ ಹಸಿ ಹೊಗೆಯ ವಾಸನೆ. ಬೇವಿನ ನೆರಳಲ್ಲಿದ್ದರೂ ಸ್ಟೇರಿಂಗು ಈಗಷ್ಟೇ ಯಾರೋ ಕೈಬಿಟ್ಟಂತೆ ಬೆಚ್ಚಗಿತ್ತು. ಮೀಟರಿನಲ್ಲಿ ಹಳದಿ ದೀಪ ಉರಿಯುತ್ತಿತ್ತು.

ನಾನು ಹಿಂದೆ ಸರಿದೆ. ಮೈಲಾರವ್ವ ಬೆಚ್ಚಲಿಲ್ಲ.

"ಅವತ್ತ ರಾತ್ರೀನೂ ಹತ್ತಿತ್ತಂತ್ರಿ ಅಣ್ಣಾರ. ಮಲಗೂ ಮುಂದ ಫೋನ್ ಮಾಡಿದ್ರು. ಗಾಡಿ ಬಂದ್ ಮಾಡಿ ಕೆಳಗ ಮಲಗ್ರಿ ಅಂದೆ. 'ಕಾಶಿನಾಥಣ್ಣ ಸುದ್ದ ಮಾಡ್ಯಾನ, ಇದು ಸುಳ್ಳ ಹತ್ತೇತಿ' ಅಂದ್ರು."

ಅವನು ಫೋನ್ ಮಾಡಿದ ಆ ಹೊತ್ತಿಗೆ ಬಲ್ಬು ನನ್ನ ಮನೆಯ ಗೂಟಕ್ಕೆ ಹಾಕಿದ ಅಂಗಿಯ ಜೇಬಿನಲ್ಲಿತ್ತು. ಈಗಲೂ ಅಲ್ಲೇ ಇದೆ.